ಅವ್ವನ ಪದಗಳೂ ಏಳನೆಯ ಕಿಟಕಿಯೂ

ಮೇಷ್ಟ್ರುಗಳ ನಿವೃತ್ತಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ, ನಾಲ್ಕು ಮಂದಿಯ ಭಾಷಣ ಉಂಟು. ಕಂಪ್ಯೂಟರಿನ ನಿವೃತ್ತಿಗೆ ಇದ್ಯಾವುದೂ ಇಲ್ಲ. 2020ರ ಸಂಕ್ರಾಂತಿ ಕಳೆದು ಎರಡು ಮೂರು ದಿನವಾಗಿತ್ತು. ಎಳ್ಳುಬೆಲ್ಲದ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರಶ್ನೆಪತ್ರಿಕೆ ಟೈಪು ಮಾಡೋಣವೆಂದು ಕೂತರೆ, ಜನವರಿ 14ಕ್ಕೆ ವಿಂಡೋಸ್ 7ರ ಬೆಂಬಲ ಮುಗಿದಿದೆ ಎಂಬ ಸೂಚನೆ ಪರದೆಯ ತುಂಬ ಹರಡಿಕೊಂಡು ನಿಂತಿತ್ತು. ಬೆಂಬಲ ವಾಪಸ್ಸಾದರೆ ಸರ್ಕಾರ ಬೀಳುವುದನ್ನು ನಾವು ಕರ್ನಾಟಕದವರು ಬೇಕಾದಷ್ಟು ನೋಡಿದ್ದೇವೆ. ಇಲ್ಲಿ ಏನೂ ಬೀಳಲಿಲ್ಲ. ಸೂಚನೆಯನ್ನು ಮುಚ್ಚಿದೆ, ಕಂಪ್ಯೂಟರು ಎಂದಿನಂತೆ ಗುರ್ ಎಂದಿತು, ನಾನು ಪ್ರಶ್ನೆಪತ್ರಿಕೆ ಮುಗಿಸಿದೆ. ಬೆಂಬಲವೆಂದರೆ ಇಷ್ಟೇ ತಾನೆ ಎಂದುಕೊಂಡೆ.

ಆ ಯಂತ್ರ ನಮ್ಮ ಮನೆಗೆ ಬಂದದ್ದು 2010ರಲ್ಲಿ. ಅರಸೀಕೆರೆಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ಕೊಡಿಸಿದ್ದು. ಮಗನ ಓದಿಗೆಂದು ತಂದೆವು. ಅವನು ಓದಿ ಬೇರೆ ಊರಿಗೆ ಹೋದ ಮೇಲೆ ಅದು ನನ್ನ ಪಾಲಿಗೆ ಉಳಿಯಿತು. ಹೆಣ್ಣುಮಕ್ಕಳಿಗೆ ಸೀರೆಯಿಂದ ಹಿಡಿದು ಎಲ್ಲವೂ ಹೀಗೆ ಒಬ್ಬರು ಬಿಟ್ಟ ಮೇಲೇ ಸಿಗುವುದು, ಇರಲಿ. ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಅಚ್ಚಿಗೆ ಹಾಕುವ ಪ್ರೆಸ್ಸಿನವರು ಪೇಜ್‌ಮೇಕರಿನಲ್ಲಿ ಕೆಲಸ ಮಾಡುತ್ತಿದ್ದರು. ಅವರಿಗೆ ನುಡಿಯ ಹಳೆಯ ಫಾಂಟಿನಲ್ಲೇ ಬರಹ ಬೇಕು. ಹಾಗಾಗಿ ನಾನು ಕನ್ನಡ ಗಣಕ ಪರಿಷತ್ತಿನ ನುಡಿಯನ್ನೇ ಹಾಕಿಸಿಕೊಂಡು, ಅದರ ಕೀಲಿಮಣೆಯನ್ನೇ ಕಲಿತೆ. ಕಲಿತ ಮೇಲೆ ಕೈ ಸುಮ್ಮನಿರಬೇಕಲ್ಲ! ಅವ್ವ ಹೇಳುತ್ತಿದ್ದ ಪದಗಳನ್ನು ಟೈಪು ಮಾಡತೊಡಗಿದೆ.

ಅವ್ವನಿಗೆ ಓದು ಬರಹ ಇರಲಿಲ್ಲ. ಸೋಬಾನೆ ಪದ, ಆರತಿ ಪದ, ರಾಗಿ ಬೀಸುವ ಪದ ಎಂದು ಲೆಕ್ಕವಿಲ್ಲದಷ್ಟು ಅವಳ ಬಾಯಲ್ಲಿದ್ದವು. 2011ರಿಂದ 2013ರವರೆಗೆ ರಜೆಗಳಲ್ಲೆಲ್ಲ ಅವಳನ್ನು ಎದುರಿಗೆ ಕೂರಿಸಿಕೊಂಡು, ಹಳೆಯ ಉತ್ತರಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಗೀಚಿಕೊಂಡು, ರಾತ್ರಿ ಟೈಪು ಮಾಡುತ್ತಿದ್ದೆ. 'ನಾನು ಬೀಸ್ದಂಗೆ ನೀನು ಕುಟ್ತೀಯಲ್ಲವ್ವ' ಎಂದು ಅವಳಿಗೆ ನಗು. ಒಟ್ಟು 64 ಪದಗಳಾದವು. ಟೈಪಾದ ಮೇಲೆ ಆ ಗೀಚಿದ ಹಾಳೆಗಳನ್ನು ರದ್ದಿಯವನಿಗೆ ಹಾಕಿದೆ. ಕಂಪ್ಯೂಟರಿನಲ್ಲಿ ಭದ್ರವಾಗಿದೆಯಲ್ಲ, ಇಲಿ ಕಾಟವಿಲ್ಲ, ಗೆದ್ದಲು ಕಾಟವಿಲ್ಲ! ಕಿಲೋಗೆ ಎಷ್ಟು ಕೊಟ್ಟನೆಂದು ಈಗ ನೆನಪಿಲ್ಲ. 2014ರಲ್ಲಿ ಅವ್ವ ಹೋದಳು.

ಬೆಂಬಲದ ವಿಷಯಕ್ಕೆ ಬರುತ್ತೇನೆ. ಅದೆಂದರೆ ಏನೆಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ. ನಮ್ಮ ಹಳ್ಳಿಯ ನಾಡಹೆಂಚಿನ ಮನೆಗಳಿಗೆ ಪ್ರತಿವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸುತ್ತಿದ್ದರು. ಒಡೆದದ್ದನ್ನು ತೆಗೆದು, ಸರಿದದ್ದನ್ನು ಕೂರಿಸಿ, ಬೆಕ್ಕು ಓಡಾಡಿದ ಕಡೆ ಹೊಸದು ಹೊದಿಸುವ ಕೆಲಸ. ಕಂಪ್ಯೂಟರಿನೊಳಗಿನ ವ್ಯವಸ್ಥೆಯಲ್ಲೂ ದಿನ ಹೋದಂತೆ ತೂತುಗಳು ಗೊತ್ತಾಗುತ್ತಾ ಹೋಗುತ್ತವೆ. ಮಾಡಿದ ಕಂಪನಿ ತಿಂಗಳು ತಿಂಗಳು ತೇಪೆ ಕಳಿಸುತ್ತಿರುತ್ತದೆ. ಬೆಂಬಲ ಮುಗಿಯಿತೆಂದರೆ ಹೆಂಚು ಕೈಯಾಡಿಸುವವನು ಇನ್ನು ಬರುವುದಿಲ್ಲ ಎಂದರ್ಥ. ಮನೆಯೇನೂ ಆವತ್ತೇ ಕುಸಿಯುವುದಿಲ್ಲ, ಮಳೆ ಬಂದ ದಿನ ಗೊತ್ತಾಗುತ್ತದೆ. ಶಾಲೆಯಲ್ಲಿದ್ದ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಹುಟ್ಟಿ 2014ರ ಏಪ್ರಿಲ್ 8ರಂದು ಈ ರೀತಿ ಅನಾಥವಾಗಿತ್ತು. ಮಳೆ ಬಂದದ್ದು 2017ರ ಮೇ 12ರಂದು. ವನ್ನಾಕ್ರೈ ಎಂಬ ಪೀಡೆ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು, ದುಡ್ಡು ಕೊಟ್ಟರೆ ಕೀಲಿ ಕೊಡುತ್ತೇನೆಂದಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ಸು ಕಳಿಸುವ ಹಾಗಾಯಿತು. ವಿಚಿತ್ರವೆಂದರೆ, ಆ ತೂತಿಗೆ ತೇಪೆ ಮಾರ್ಚಿಯಲ್ಲೇ ಬಂದಿತ್ತು. ಏಟು ತಿಂದವುಗಳಲ್ಲಿ ಹೆಚ್ಚಿನವು ಬೆಂಬಲವಿದ್ದೂ ತೇಪೆ ಹಾಕಿಕೊಳ್ಳದ ವಿಂಡೋಸ್ 7ರ ಯಂತ್ರಗಳೇ. ಮದ್ದು ತಂದು ಗೂಡಿನಲ್ಲಿಟ್ಟುಕೊಂಡು ಕುಡಿಯದೆ ಇದ್ದವರ ಹಾಗೆ. ಮೈಕ್ರೋಸಾಫ್ಟಿನವರು ಮನಸ್ಸು ಕರಗಿ, ಅನಾಥ ಎಕ್ಸ್‌ಪಿಗೂ ಆವಾಗೊಮ್ಮೆ ತೇಪೆ ಕಳಿಸಿದರು.

ಇಷ್ಟು ಜ್ಞಾನ 2020ರ ಜನವರಿಯಲ್ಲಿ ನನಗಿರಲಿಲ್ಲ. ಇದ್ದಿದ್ದರೂ ಏನು ಮಾಡುತ್ತಿದ್ದೆನೋ! ಮಾರ್ಚಿಯಲ್ಲಿ ಲಾಕ್‌ಡೌನ್ ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ, ಜೂನ್ 25ರಿಂದ ಜುಲೈ ಮೊದಲ ವಾರದವರೆಗೆ, ಮಕ್ಕಳ ಬಾಯಿಗೆ ಮಾಸ್ಕು ಕಟ್ಟಿ, ದೂರ ದೂರ ಕೂರಿಸಿ ಮಾಡಿದೆವು. ಅದು ಮುಗಿಯುವುದರೊಳಗೆ ಆನ್‌ಲೈನ್ ತರಗತಿ ಎಂಬ ಹೊಸ ಅವತಾರ. ನಮ್ಮ ಯಂತ್ರ ಪಾಪ, ಒಂದು ಮುಖ ತೋರಿಸುವುದರೊಳಗೆ ಏದುಸಿರು ಬಿಡುತ್ತಿತ್ತು. ಅಂಗಡಿಯ ಹುಡುಗನನ್ನು ಕರೆಸಿದೆ. ಅವನು ನೋಡಿ, 'ಮೇಡಂ, ರ‍್ಯಾಮು 4 ಜಿಬಿ ಮಾಡೋಣ, ವಿಂಡೋಸ್ 10 ಹಾಕೋಣ, ಓಡುತ್ತೆ' ಎಂದ. ಆಗಲಪ್ಪ ಎಂದೆ.

ಈಗ ಬರೆಯುವುದನ್ನು ನಾನು ಇದುವರೆಗೆ ಮನೆಯವರ ಬಳಿಯೂ ಪೂರ್ತಿ ಹೇಳಿಲ್ಲ. ಆ ಹುಡುಗ ಜವಾಬ್ದಾರಿಯಿಂದಲೇ ಕೇಳಿದ: 'ಮೇಡಂ, ಸಿ ಡ್ರೈವ್ ಫಾರ್ಮ್ಯಾಟ್ ಮಾಡ್ತೀನಿ. ಅದರಲ್ಲಿ ನಿಮ್ಮದೇನಾದ್ರೂ ಇದೆಯಾ?' ನಾನು ಮೂವತ್ತು ವರ್ಷ ಪಾಠ ಹೇಳಿದ ದನಿಯಲ್ಲಿ, 'ಏನೂ ಇಲ್ಲ, ನಂದೆಲ್ಲ ಡಿ ಡ್ರೈವಿನಲ್ಲಿದೆ' ಎಂದೆ. 'ನೋಡ್ಕೊಳ್ಳಿ ಮೇಡಂ' ಎಂದು ಇನ್ನೊಮ್ಮೆ ಹೇಳಿದ. 'ನೋಡಿದೀನಪ್ಪ' ಎಂದೆ. ಹಾಗೆನ್ನುವಾಗ ಪರದೆಯ ಮೇಲೆ, ಎಡಗಡೆ ಮೂಲೆಯಲ್ಲಿ, ಬೀಸುವ ಪದಗಳ ಫೈಲು ಕಣ್ಣಿಗೆ ಕಾಣುವಂತೆ ಕೂತಿತ್ತು. ಇನ್ನೂ ತಿದ್ದುವುದಿದೆ, ಕೈಗೆ ಸಿಗುವಂತಿರಲಿ ಎಂದು ನಾನೇ ಅದನ್ನು ಅಲ್ಲಿಟ್ಟಿದ್ದೆ. ಡೆಸ್ಕ್‌ಟಾಪ್ ಎಂದರೆ ಮೇಜಿನ ಮೇಲ್ಭಾಗ, ಸಿ ಡಿಗಳೆಲ್ಲ ಅದರ ಕೆಳಗಿನ ಖಾನೆಗಳು ಎಂದು ನನ್ನ ತಿಳಿವಳಿಕೆ. ಮೇಜಿನ ಮೇಲಿದ್ದದ್ದು ಖಾನೆಯೊಳಗೆ ಹೇಗಿರುತ್ತದೆ? ಕಣ್ಣೆದುರಿನ ಆ ಮೇಜಿನ ಮೇಲ್ಭಾಗವೂ ಸಿ ಖಾನೆಯೊಳಗಿನ ಒಂದು ಚೀಲವೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಒಂದೂವರೆ ಗಂಟೆಯಲ್ಲಿ ಯಂತ್ರ ಹೊಸ ಮದುವಣಗಿತ್ತಿಯಂತೆ ಎದ್ದು ಕೂತಿತು. ಪರದೆಯ ಮೇಲೆ ಕಸಕಡ್ಡಿ ಏನೂ ಇಲ್ಲ. ಎಷ್ಟು ಚೊಕ್ಕಟವಾಗಿದೆ ಎಂದು ನನಗೆ ಖುಷಿಯೋ ಖುಷಿ. ಹುಡುಗನಿಗೆ ಕಾಫಿ ಕೊಟ್ಟು ಕಳಿಸಿದೆ.

ಮೂರು ವಾರ ಆನ್‌ಲೈನ್ ಪಾಠದಲ್ಲಿ ಕಳೆಯಿತು. ಅವ್ವನ ತಿಥಿಯ ದಿನ ಬಂತು. ಆ ವರ್ಷ ಯಾರನ್ನೂ ಕರೆಯುವಂತಿರಲಿಲ್ಲ. ಎಡೆ ಇಟ್ಟು, ಊಟ ಮುಗಿಸಿ, ಅವಳ ಪದಗಳನ್ನಾದರೂ ಓದೋಣವೆಂದು ಡಿ ಡ್ರೈವಿನ ಸೋಬಾನೆ ಪದದ ಫೈಲು ತೆಗೆದೆ. ಎದೆ ಧಸಕ್ಕೆಂದಿತು. ಕನ್ನಡದ ಒಂದಕ್ಷರವಿಲ್ಲ. ಇಂಗ್ಲಿಷಿನ ಅಕ್ಷರಗಳೋ ಎಂದರೆ ಅದೂ ಅಲ್ಲ. ತಲೆಯ ಮೇಲೆ ಗೀಟು ಬಿದ್ದ ಎಗಳು, ಪೌಂಡಿನ ಗುರುತುಗಳು, ಅಲ್ಪವಿರಾಮಗಳು, ಯಾರೋ ಶಾಪ ಕೊಟ್ಟಂತೆ ಪುಟದ ಮೇಲೆ ಪುಟ. ಇನ್ನೊಂದು ಫೈಲು ತೆಗೆದೆ. ಅದೂ ಹಾಗೇ. ಪ್ರಶ್ನೆಪತ್ರಿಕೆಗಳೂ ಹಾಗೇ. ಬೀಸುವ ಪದಗಳ ಫೈಲು ಎಲ್ಲಿ ಎಂದು ಹುಡುಕಲು ಹೋದಾಗ ಅದು ಯಾವ ಖಾನೆಯಲ್ಲೂ ಇರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾಳೆ. ಫೋನಿನಲ್ಲಿ ನನ್ನ ಗೋಳು ಕೇಳಿ, 'ಮಿಸ್, ಅಳಬೇಡಿ. ಮೇಲೆ ಫಾಂಟಿನ ಹೆಸರು ಏನಿದೆ ಓದಿ' ಎಂದಳು. ಓದಿದೆ. 'ಅಕ್ಷರ ಎಲ್ಲೂ ಹೋಗಿಲ್ಲ ಮಿಸ್. ಅವಕ್ಕೆ ವೇಷ ಹಾಕೋ ಫಾಂಟು ಹೋಗಿದೆ ಅಷ್ಟೆ.' ಆ ದಿನ ಅವಳು ನನಗೆ ಮಾಡಿದ ಪಾಠವನ್ನು ನನ್ನ ಮಾತಿನಲ್ಲಿ ಹೇಳಲು ನೋಡುತ್ತೇನೆ.

ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪು ಮಾಡಿದಾಗ ಕಂಪ್ಯೂಟರಿಗೆ ಅದು ಕನ್ನಡವೆಂದು ಗೊತ್ತೇ ಇರುವುದಿಲ್ಲ. ಅದು ಉಳಿಸಿಕೊಳ್ಳುವುದು ರೋಮನ್ ಲಿಪಿಯ ಅಕ್ಷರಗಳ ಸಂಖ್ಯೆಗಳನ್ನು. ಇಂಗ್ಲಿಷಿನ ದೊಡ್ಡ ಸಿ ಇರಬೇಕಾದ ಮನೆಯಲ್ಲಿ ಫಾಂಟು ನಮ್ಮ ಅಕಾರದ ಚಿತ್ರವನ್ನು ಕೂರಿಸಿರುತ್ತದೆ, ಡಿ ಮನೆಯಲ್ಲಿ ಆಕಾರವನ್ನು. ಕಕಾರಕ್ಕೆ ಎರಡು ತುಂಡು: ಪಿ ಮನೆಯಲ್ಲಿ ಅದರ ಮೈ, ಗೀಟಿನ ಎ ಮನೆಯಲ್ಲಿ ಅದರ ತಲೆಕಟ್ಟು. ನಕಾರದ ಮೈ ಇರುವುದು ಬ್ರಿಟಿಷರ ಪೌಂಡಿನ ಮನೆಯಲ್ಲಿ! ಫಾಂಟು ಇರುವವರೆಗೆ ಇದು ಕನ್ನಡವಾಗಿ ಕಾಣುತ್ತದೆ. ಫಾಂಟು ತೆಗೆದಿರೋ, ಬಣ್ಣ ಅಳಿಸಿದ ಮೇಲೆ ಚೌಕಿಯಲ್ಲಿ ಬೀಡಿ ಸೇದುತ್ತಾ ಕೂತ ರಾವಣನಂತೆ ಅಸಲು ಮುಖ ಕಾಣುತ್ತದೆ. ಸಿ ಡ್ರೈವಿನೊಂದಿಗೆ ನುಡಿಯೂ ಅದರ ಫಾಂಟುಗಳೂ ಅಳಿಸಿಹೋಗಿದ್ದವು. ಹೊಸದರಲ್ಲಿ ಹಾಕಿಸಬೇಕೆಂದು ನಾನು ಹೇಳಿರಲಿಲ್ಲ.

ಇದಕ್ಕೆ ಪರಿಹಾರ ಬಹಳ ಹಿಂದೆಯೇ ಹುಟ್ಟಿತ್ತು. ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳ ಕೇರಿಯೊಂದನ್ನು 1991ರ ಮೊದಲ ಆವೃತ್ತಿಯಲ್ಲೇ ಬರೆದಿಟ್ಟಿದ್ದರು. ಎಲ್ಲ ಮನೆಗಳೂ ಭರ್ತಿಯಾಗಿಲ್ಲ, ಆದರೆ ಕ ಎಂದರೆ ಅಲ್ಲಿ ಕನೇ. ಯಾವ ಫಾಂಟು ಬಂದರೂ ಹೋದರೂ ಅದು ಪೌಂಡಾಗುವುದಿಲ್ಲ. ನಾನು ಅವ್ವನ ಪದಗಳಿಗೆ ಕೈ ಹಾಕಿದ 2011ಕ್ಕೆ ಈ ಕೇರಿಗೆ 20 ವರ್ಷ ತುಂಬಿತ್ತು. ಪ್ರೆಸ್ಸಿನವರಿಗೆ ಹಳೆಯದು ಬೇಕೆಂದು ಅವ್ವನ ಪದಗಳನ್ನೂ ಹಳೆಯದರಲ್ಲೇ ಬರೆದೆ. ಪ್ರೆಸ್ಸಿನವರಿಗೂ ಅವ್ವನಿಗೂ ಏನು ಸಂಬಂಧವೆಂದು ಆಗ ಹೊಳೆಯಲಿಲ್ಲ.

ವಿದ್ಯಾರ್ಥಿನಿ ಹೇಳಿದಂತೆ ನುಡಿಯನ್ನು ಮತ್ತೆ ಹಾಕಿಕೊಂಡೆ. ಫೈಲು ತೆಗೆದರೆ ಸೋಬಾನೆ ಪದಗಳು ಏನೂ ಆಗದವರಂತೆ ಸಾಲಾಗಿ ನಿಂತಿದ್ದವು. 53 ಪದಗಳು ಸಿಕ್ಕವು. ಉಳಿದ 11 ಪದಗಳ ಗತಿಯೇ ಬೇರೆ. ಫಾರ್ಮ್ಯಾಟ್ ಮಾಡಿದ ಕೂಡಲೇ ಎಲ್ಲವೂ ಅಳಿಯುವುದಿಲ್ಲವಂತೆ. ಪುಸ್ತಕದ ಪರಿವಿಡಿಯ ಹಾಳೆಯನ್ನು ಹರಿದಂತೆ, ಒಳಗಿನ ಪುಟಗಳು ಇದ್ದೇ ಇರುತ್ತವೆ. ಆದರೆ ಅದರ ಮೇಲೆ ಹೊಸದನ್ನು ಬರೆಯುತ್ತಾ ಹೋದರೆ ಹಳೆಯದು ಮುಚ್ಚಿಹೋಗುತ್ತದೆ. ವಿಂಡೋಸ್ 10 ಬಂದು ಕೂತದ್ದೇ ಅಲ್ಲಿ, ಜೊತೆಗೆ ಮೂರು ವಾರ ನಾನು ನಿತ್ಯ ಒಂದಲ್ಲ ಒಂದು ಪಾಠ ಇಳಿಸಿಕೊಂಡಿದ್ದೆ. ಅಂಗಡಿಯ ಹುಡುಗ ಎರಡು ದಿನ ಇಟ್ಟುಕೊಂಡು ಪ್ರಯತ್ನಪಟ್ಟ. ನನ್ನ ಮಗನ ಹಳೆಯ ಫೋಟೋಗಳ ಚೂರುಗಳು ಸಿಕ್ಕವು, ಪದಗಳು ಸಿಗಲಿಲ್ಲ. ಅವನು ದುಡ್ಡು ಬೇಡವೆಂದ. ಅದು ಇನ್ನೂ ಕಷ್ಟವಾಯಿತು.

ಡಿ ಡ್ರೈವಿನಲ್ಲಿ ಪರಿವಿಡಿಯ ಫೈಲೊಂದು ಉಳಿದಿತ್ತು. ಅದರಲ್ಲಿ ಆ 11 ಪದಗಳ ಹೆಸರು ಮಾತ್ರ ಇದ್ದವು: ಕಲ್ಲು ಪೂಜೆ ಪದ, ಬಳೆಗಾರನ ಪದ, ಅಣ್ಣ ಕರೆಯಾಕೆ ಬಂದದ್ದು, ಹೀಗೆ. ಹೆಸರು ಓದಿದರೆ ಧಾಟಿ ನೆನಪಾಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಟೈಪು ಮಾಡಿದ ಮೇಲೆ ನಾನು ಅವನ್ನು ನೆನಪಿಡುವ ಗೋಜಿಗೇ ಹೋಗಿರಲಿಲ್ಲ.

ಐದು ವರ್ಷ ಹೀಗೇ ಹೋಯಿತು. ಕೊನೆಗೆ ವಿಂಡೋಸ್ 10ಕ್ಕೂ ನಿವೃತ್ತಿ ಬಂತು. 2025ರ ಅಕ್ಟೋಬರ್ 14. ಇನ್ನೊಂದು ವರ್ಷ ಹೆಚ್ಚುವರಿ ತೇಪೆ ಪಡೆಯುವ ಏರ್ಪಾಡನ್ನೂ ಕಂಪನಿ ಮಾಡಿತ್ತು. ಹನ್ನೊಂದಕ್ಕೆ ಏರೋಣವೆಂದರೆ ನಮ್ಮ ಯಂತ್ರಕ್ಕೆ ಅರ್ಹತೆಯಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ರಕ್ಷಣಾ ಚಿಪ್ಪು ಬೇಕು, ಈಚಿನ ತಲೆಮಾರಿನ ಪ್ರೊಸೆಸರು ಬೇಕು. 2010ರ ಮುದುಕಿಯ ಹತ್ತಿರ ಅವೆಲ್ಲ ಎಲ್ಲಿಂದ ಬರಬೇಕು! ಮಗ ಹೊಸ ಲ್ಯಾಪ್‌ಟಾಪ್ ಕೊಡಿಸುತ್ತೇನೆಂದ. ಇದು ಓಡುತ್ತಿದೆಯಲ್ಲ ಎಂದೆ. ಓಡುವ ಯಂತ್ರವನ್ನು, ಒಳಗಿನ ತಂತ್ರಾಂಶಕ್ಕೆ ವಯಸ್ಸಾಯಿತೆಂದು ರದ್ದಿಗೆ ಹಾಕಲು ನನಗೆ ಮನಸ್ಸಾಗುವುದಿಲ್ಲ. ರದ್ದಿಗೆ ಹಾಕಿದ ಅನುಭವ ನನಗೆ ಒಂದು ಸಲ ಸಾಕು. ವಿದ್ಯಾರ್ಥಿನಿಯನ್ನು ಕೇಳಿದೆ. 'ಲಿನಕ್ಸ್ ಮಿಂಟ್ ಹಾಕ್ಕೊಳ್ಳಿ ಮಿಸ್. ನೀವೇ ಹಾಕ್ಕೋಬಹುದು, ದುಡ್ಡಿಲ್ಲ' ಎಂದಳು. ಮಿಂಟ್ ಎಂದರೆ ಪುದೀನ. ಮನೆಯವರು ಕೇಳಿ, ಇನ್ನೇನು ಚಟ್ನಿ ಅರೆಯುವುದೊಂದು ಬಾಕಿ ಎಂದರು.

ಈ ಸಲ ಅವಸರಪಡಲಿಲ್ಲ. ಮೊದಲು ಮಾಡಿದ ಕೆಲಸವೆಂದರೆ ಅವ್ವನನ್ನು ಪೌಂಡಿನ ಮನೆಯಿಂದ ಬಿಡಿಸಿ ಕನ್ನಡದ ಕೇರಿಗೆ ತಂದದ್ದು. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ. ಒತ್ತಿದರೆ ಕ್ಷಣದಲ್ಲಿ ಮುಗಿಯುತ್ತದೆ, ಆದರೆ ಕಣ್ಣಿಟ್ಟು ನೋಡಬೇಕು. ನನ್ನ ಫೈಲಿನಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿದ್ದುಂಟು, ದೀರ್ಘ ಬಿದ್ದುಹೋದದ್ದುಂಟು. ಅವ್ವನ ಖಾಯಿಲೆಯ ವೇಳೆ ಒಂದು ಪುಟದ ಅಂಚಿನಲ್ಲಿ ಅವಳ ಔಷಧಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದೆ. ಪರಿವರ್ತಕಕ್ಕೆ ಅದು ಇಂಗ್ಲಿಷೆಂದು ಗೊತ್ತಾಗಬೇಕಲ್ಲ! ಒಕಾರ, ಅನುಸ್ವಾರ, ಕೊಂಬಿಲ್ಲದ ಅರ್ಧಾಕ್ಷರಗಳೆಲ್ಲ ಸೇರಿ ಮಾಟದ ತಗಡಿನ ಬರಹದಂತಾಗಿತ್ತು. 53 ಪದಗಳನ್ನೂ ಸಾಲು ಸಾಲು ಹಳೆಯದರ ಜೊತೆ ಇಟ್ಟು ತಿದ್ದಿದೆ. ಅನುಮಾನ ಬಂದ ಕಡೆ ಬಣ್ಣವಿಲ್ಲದ ಅಸಲು ಅಕ್ಷರಗಳನ್ನೇ ನೋಡುತ್ತಿದ್ದೆ. ಹಾಗೆ ನೋಡಿ ನೋಡಿ ಒಂದು ಶಬ್ದವನ್ನು ಮಾತ್ರ ಫಾಂಟಿಲ್ಲದೆಯೂ ಓದಲು ಬಂತು. ದೊಡ್ಡ ಸಿ, ಪಕ್ಕದಲ್ಲಿ ಕಾಲಡಿ ಗೆರೆಯಿರುವ ಪುಟ್ಟ ಎ, ಆಮೇಲೆ ನೆತ್ತಿಯ ಮೇಲೆ ಗೀಟಿನ ದೊಡ್ಡ ಎ, ಕೊನೆಗೆ ಗೀಟಿನ ಪುಟ್ಟ ಇ. ಅಷ್ಟು ಸೇರಿದರೆ ಅವ್ವ.

ತಿದ್ದಿದ್ದನ್ನು ಎರಡು ಪೆನ್‌ಡ್ರೈವಿಗೆ ಹಾಕಿದೆ. ಶಾಲೆಯ ಕಂಪ್ಯೂಟರಿನಲ್ಲಿ, ನುಡಿ ಇಲ್ಲದ ಕಡೆ, ತೆಗೆದು ನೋಡಿದೆ. ಬಂತು. ಆದರೂ ಎಲ್ಲವನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ, ದಾರ ಕಟ್ಟಿ, ಬೀರುವಿನಲ್ಲಿಟ್ಟೆ. ಇಲಿ ಬಂದರೆ ನೋಡಿಕೊಳ್ಳೋಣ. ಕೊನೆಗೆ ಸಿ ಡ್ರೈವಿನೊಳಗಿನ ಡೆಸ್ಕ್‌ಟಾಪ್ ಚೀಲವನ್ನು ತೆರೆದು, ಅದರಲ್ಲಿದ್ದ ಕಸಕಡ್ಡಿಯನ್ನೂ ಬಿಡದೆ ನಕಲು ಮಾಡಿಕೊಂಡೆ.

ದೀಪಾವಳಿ ಮುಗಿದ ಮೇಲಿನ ಭಾನುವಾರ, ಕರೆಂಟು ಹೋಗುವುದಿಲ್ಲವೆಂದು ಲೈನ್‌ಮನ್ನನ್ನು ಕೇಳಿಕೊಂಡು, ಕೂತೆ. ಸುಮಾರು 3 ಜಿಬಿಯ ಫೈಲನ್ನು ಇಳಿಸಿ ಇನ್ನೊಂದು ಪೆನ್‌ಡ್ರೈವಿಗೆ ಹಿಂದಿನ ರಾತ್ರಿಯೇ ತುಂಬಿದ್ದೆ. ಅದರಿಂದಲೇ ಯಂತ್ರವನ್ನು ಎಬ್ಬಿಸಿದರೆ, ಒಳಗಿನ ಡಿಸ್ಕಿಗೆ ಕೈ ಹಾಕದೆಯೇ ಹೊಸ ವ್ಯವಸ್ಥೆ ಪರದೆಯ ಮೇಲೆ ಬರುತ್ತದೆ. ಹುಡುಗಿ ನೋಡುವ ಶಾಸ್ತ್ರವಿದ್ದಂತೆ. ಒಪ್ಪಿಗೆಯಾದರೆ ಮುಂದಿನ ಮಾತು. ಅಲ್ಲಿಂದಲೇ ಡಿ ಡ್ರೈವನ್ನು ತೆರೆದು ಪದಗಳ ಫೈಲು ತೆಗೆದೆ. ಯಾವ ಫಾಂಟನ್ನೂ ಹಾಕದೆ ಕನ್ನಡ ಕಾಣಿಸಿತು. ಆಗ ಧೈರ್ಯ ಬಂತು. ಸ್ಥಾಪಿಸುವಾಗ ಇಡೀ ಡಿಸ್ಕನ್ನು ಅಳಿಸಲೇ ಎಂದು ಕೇಳುತ್ತದೆ. ಅಲ್ಲಿ ಕೈ ನಡುಗಿತು, ಸುಳ್ಳೇಕೆ. ಬೇರೆ ಆಯ್ಕೆಗೆ ಹೋಗಿ, ಖಾನೆಗಳ ಅಳತೆ ನೋಡಿ, ಹಳೆಯ ಸಿ ಯಾವುದೆಂದು ಮೂರು ಸಲ ಖಾತ್ರಿ ಮಾಡಿಕೊಂಡು, ಅದೊಂದನ್ನೇ ಅಳಿಸಲು ಹೇಳಿದೆ. ಅರ್ಧ ಗಂಟೆಗೆಲ್ಲ ಮುಗಿಯಿತು. ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಿದರೆ ಕಗಪ ಎಂಬ ಹೆಸರು ಕಂಡಿತು. ಕನ್ನಡ ಗಣಕ ಪರಿಷತ್ತಿನದೇ ವಿನ್ಯಾಸ! ಯಾವುದೋ ದೇಶದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರಿನವರು ಸಿಕ್ಕ ಹಾಗಾಯಿತು. ಬೆರಳುಗಳು ತಮ್ಮ ಪಾಡಿಗೆ ತಾವು ಅವ್ವ ಎಂದು ಬರೆದವು. ಈ ಆವೃತ್ತಿಗೆ 2029ರವರೆಗೆ ಬೆಂಬಲವಂತೆ. ನನ್ನ ನಿವೃತ್ತಿಯೂ ಆ ವರ್ಷವೇ. ಇಬ್ಬರಿಗೂ ಒಂದೇ ಹಾರ ಸಾಕು.

ಕೆಲಸ ಮುಗಿದು ಹೋಯಿತೆಂದರೂ ಪರಿವಿಡಿಯಲ್ಲಿನ 11 ಹೆಸರುಗಳು ಎದುರಿಗೇ ಇದ್ದವು. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಅವ್ವನ ತಂಗಿ, ಚಿಕ್ಕವ್ವ ಇದ್ದಾಳೆ. ಎಂಬತ್ತು ದಾಟಿದೆ. ಇಷ್ಟು ವರ್ಷ ಅವಳ ಬಳಿ ಹೋಗಿ ಕೇಳಲು ನನಗೆ ಮುಖವಿರಲಿಲ್ಲ. ನಿಮ್ಮಕ್ಕ ಕೊಟ್ಟದ್ದನ್ನು ಕಳೆದೆ ಎಂದು ಹೇಗೆ ಹೇಳುವುದು? ಒಂದು ಶನಿವಾರ ಬೆಳಗಿನ ತರಗತಿ ಮುಗಿಸಿ ಬಸ್ಸು ಹತ್ತಿದೆ. ಹೇಳಿದೆ. ಅವಳು ಬಯ್ಯಲಿಲ್ಲ. 'ಕಲ್ಲೇ ಹೋಯ್ತು, ಪದ ಹೋಗೋದೇನು ಹೆಚ್ಚು' ಎಂದಳು. ಕೂತು ಎಷ್ಟು ಯೋಚಿಸಿದರೂ ಒಂದೂ ನೆನಪಿಗೆ ಬರಲಿಲ್ಲ. ಬಚ್ಚಲ ಹಿಂದೆ ತೆಂಗಿನ ಗರಿಯ ರಾಶಿಯಡಿಯಲ್ಲಿ ರಾಗಿಕಲ್ಲು ಇತ್ತು. ಎಳೆಯುವ ಹಾಗಿರಲಿಲ್ಲ, ಗೂಟವೇ ಇಲ್ಲ. ಅವಳೇ ಹೋಗಿ ಅದರ ಪಕ್ಕ ಕುಕ್ಕರಿಸಿ, ಮೇಲಿನ ಹೋಳಿನ ಮೇಲೆ ಬರಿಗೈ ಇಟ್ಟು, ಸುಮ್ಮನೆ ಸುತ್ತಿಸುವಂತೆ ಆಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಕಲ್ಲು ಪೂಜೆ ಪದ ಬಂತು.

ನಾನು ನಡುವೆ ಬಾಯಿ ಹಾಕಿದೆ: 'ಚಿಕ್ಕವ್ವ, ಅವ್ವ ಇಲ್ಲಿ ಬೇರೆ ಥರ ಹೇಳ್ತಿದ್ದಳಲ್ಲವಾ?' ಕೈ ನಿಲ್ಲಿಸದೆ, 'ಅವಳ್ದು ಅವಳು ಹೇಳಿದ್ಲು. ಇದು ನಂದು. ಬರ್ಕೋ' ಎಂದಳು. ಬರೆದುಕೊಂಡೆ, ಕಾಗದದ ಮೇಲೆ. ಸಂಜೆಯವರೆಗೆ ಆರು ಪದಗಳಾದವು. ಆಮೇಲೆ ಅವಳಿಗೆ ಸೊಂಟ ಹಿಡಿಯಿತು. ಈಗ ಪರಿವಿಡಿಯಲ್ಲಿ ಐದು ಹೆಸರುಗಳ ಮುಂದೆ ಪುಟದ ಸಂಖ್ಯೆ ಖಾಲಿ ಇದೆ. ಕಾಯಿ ಕೆಡವುವ ಹೊತ್ತಿಗೆ ಮತ್ತೆ ಬಾ ಎಂದಿದ್ದಾಳೆ.